ಶೇಕಡಾ ಹನ್ನೆರಡು

ಸೂರ್ ಪಟ್ಟಣದ ಅಳಿವೆಯ ದಂಡೆಗೆ
ಕಂಟೇನರ್ ಬಂದು ನಿಂತದ್ದು ಜುಲೈ, ನಡುಮಧ್ಯಾಹ್ನ.
ಬಾಗಿಲು ತೆರೆದರೆ ರಾಳದ ವಾಸನೆ.
ಯಾವುದೋ ಕಾಡು ಆರು ವಾರ ಹಡಗಿನಲ್ಲಿ
ಉಸಿರು ಬಿಗಿಹಿಡಿದು ಕೂತು
ಈಗಷ್ಟೇ ಬಿಟ್ಟ ಹಾಗೆ.

ಗೋಡೆಗೆಲ್ಲ ನಂಬರು. ಕಿಟಕಿ ಅಲ್ಲೇ ಕೊರೆದು ಬಂದಿದೆ,
ಸ್ಕ್ರೂವಿನ ತೂತೂ ಅಲ್ಲೇ.
ನಾನು ವಾಮನ ಆಚಾರಿ, ಉಳಿ ಹಿಡಿದ ಐದನೇ ತಲೆ.
ಏ-ಹದಿನಾಲ್ಕರ ಪಕ್ಕ ಏ-ಹದಿನೈದು ನಿಲ್ಲಿಸುವುದು
ನನ್ನ ಕೆಲಸ.
ಉಳಿ ಪೆಟ್ಟಿಗೆಯಲ್ಲಿ ಮಲಗಿತ್ತು. ನಾನೂ ಎಬ್ಬಿಸಲಿಲ್ಲ.

ಫಿನ್ಲೆಂಡಿನ ಸಿನಿಕ್ಕ, ಮೂಗಿನ ಮೇಲೆ ಬಿಳಿ ಮುಲಾಮು,
ಹಲಗೆ ಹಲಗೆಗೂ ಎರಡು ಸೂಜಿಯ ಮೀಟರು ಚುಚ್ಚಿ
ಬರೆದುಕೊಳ್ಳುತ್ತಾಳೆ: ಹನ್ನೆರಡು. ಹನ್ನೆರಡು. ಹನ್ನೊಂದೂವರೆ.
ಮರದೊಳಗೆ ಉಳಿದ ನೀರಿನ ಲೆಕ್ಕವಂತೆ.
'ಪೂರ್ತಿ ಒಣಗಿದರೆ ಸೀಳುತ್ತದೆ.'

ನಮ್ಮಲ್ಲಿ ಕಡಿಯುವ ಮುಂಚೆ ಮರಕ್ಕೊಂದು ಮಾತು ಹೇಳುತ್ತೇವೆ:
ಹಕ್ಕಿಗಳೇ, ಇಳಿಯಿರಿ;
ಕಾಣದವರು ಯಾರಾದರೂ ಇದ್ದರೆ ಜಾಗ ಬಿಡಿ.
ಇದಕ್ಕೆ ಯಾರು ಹೇಳಿದರು?
'ಯಂತ್ರ,' ನಕ್ಕಳು, 'ನಲವತ್ತು ಸೆಕೆಂಡು.'
ಆಮೇಲೆ ನಗದೆ
ಹಲಗೆಯ ತುದಿಯಲ್ಲಿ ಬೆರಳಿಟ್ಟು ತೋರಿಸಿದಳು
ಎಳೆ ಎಳೆ ಸುತ್ತು, ಒಂದೊಂದಕ್ಕೂ ಒಂದೊಂದು ವರ್ಷ.
ಅಂಗುಲದಲ್ಲಿ ಮೂವತ್ತು ಎಣಿಸಿದೆ.
ಕನ್ನಡಕ ತೆಗೆದು ಒರೆಸಿ ಮತ್ತೆ ಎಣಿಸಿದೆ. ಮೂವತ್ತೇ.
ಕತ್ತಲೆ ಚಳಿ ಕಳೆದು ಉಳಿದಷ್ಟರಲ್ಲಿ
ಇಷ್ಟಿಷ್ಟೇ ದಪ್ಪವಾದ ಮರ.
ಆ ದಿನ ಸ್ಕ್ರೂ ನಿಧಾನಕ್ಕೆ ತಿರುಗಿಸಿದೆ.

ಸಂಜೆ ಮುದುಕ ಜುಮಾ ಬಂದ. ಇದೇ ದಂಡೆಯಲ್ಲಿ
ಅವನಪ್ಪ ಪತ್ತೇಮಾರಿ ಕಟ್ಟಿದವನು,
ನಮ್ಮ ಕಡೆಯ ಸಾಗುವಾನಿ ತರಿಸಿ.
ಅವರ ಬಾಯಲ್ಲಿ ಅದು ಸಾಜ್.
ಗೋಡೆ ಮೂಸಿದ, ಬೆರಳ ಗೆಣ್ಣಿಂದ ತಟ್ಟಿದ,
ಕಮಾನುಗಳತ್ತ ಕತ್ತೆತ್ತಿದ.
'ತೇಲುತ್ತಾ?'
ಮಕ್ಕಳು ಓದುವುದಕ್ಕೆ ಮಾಡಿದ ಮನೆ, ಅಂದೆ.
'ಓದಲಿ. ತೇಲುತ್ತಾ?'

ರಾತ್ರಿ ಎರಡಕ್ಕೆ ಕಾವಲಿನ ಡಿಲ್ಲಿರಾಮ
ಚಪ್ಪಲಿ ಬಿಟ್ಟು ಓಡಿ ಬಂದ: ಒಳಗೆ ಯಾರೋ ನಡೆಯುತ್ತಿದ್ದಾರೆ.
ಹೋಗಿ ಕಿವಿ ಇಟ್ಟೆ. ಟಕ್.
ಬಹಳ ಹೊತ್ತಿಗೆ ಇನ್ನೊಂದು ಟಕ್.
ಸಮುದ್ರದ ತೇವ ಬಂದಿದೆ, ಮರ ಕುಡಿಯುತ್ತಿದೆ,
ಹೋಗಿ ಮಲಗು ಅಂದೆ.
ಮಲಗಲಿಲ್ಲ ಅವನು.
ಗೋಡೆಗೊರಗಿ ಇಬ್ಬರೂ ಕೂತೆವು, ಬೆಳಗಿನ ಬಾಂಗಿನವರೆಗೆ.

ಮಾರನೆಯ ದಿನ ತಮಾಷೆಗೆ
ಮೀಟರಿನ ಸೂಜಿ ನನ್ನ ಅಂಗೈಗೆ ಒತ್ತಿಕೊಂಡೆ.
ಅಂಕಿ ಏರಿತು, ಏರಿತು,
ಲೆಕ್ಕ ಸಿಗದೆ ಬರೀ ಗೆರೆ ತೋರಿಸಿತು.
'ಇಂಥ ಹಲಗೆ ಬಂದಿದ್ದರೆ
ವಾಪಸು ಕಳಿಸುತ್ತಿದ್ದೆ,' ಎಂದಳು ಸಿನಿಕ್ಕ.

ವೀಸಾ ಇನ್ನೂ ಹದಿನಾಲ್ಕು ತಿಂಗಳಿದೆ, ಅಂದೆ.