ಚೀಲಬಾಕ

ಟೆಂಡರ್ ಇಲ್ಲದ ದಿನ, ಬ್ಯಾಡಗಿ,
ನಮ್ಮ ಖಾರದ ಗಿರಣಿ ಅಟ್ಟ.
ಕೆಳಗ ಮಷಿನ್ನು ಬಂದಾಗೈತಿ, ಆದರೂ
ಯಾರರೆ ಒಬ್ಬರು ಸೀನಕೋತನಽ ಇರತಾರ.
ಹಳೇ ಕ್ಯಾಲೆಂಡರಿನ ರಟ್ಟು ಅಡ್ಡ ಇಟಗೊಂಡು ನಾನು,
ಆಚಿಕಡೆ ನಾಲ್ಕು ಮಂದಿ,
ಇಪ್ಪತ್ತು ಮಾರಿಯ ಒಂದಽ ದಾಳ.

ಥಂಡಿ ಗೋದಾಮಿನ್ಯಾಗ ಹುಟ್ಟಿದ್ದು ನನ್ನ ಚೀಲಬಾಕ.
ಯಾವ ಪುಸ್ತಕದಾಗೂ ಇಲ್ಲ, ನಾನಽ ಹೊಲದದ್ದು:
ಗೋಣಿತಾಟಿನ ಮೈ, ದಬ್ಬಣದ ಹಲ್ಲು,
ಉಸಿರು ಬಿಟ್ಟರ ಕಣ್ಣುರಿ.

ಮೊದಲನೇ ಸಲ ತೊಂಬತ್ತು ಜೀವ ಕೊಟ್ಟೆ.
ಚಾ ಬರೂದ್ರೊಳಗ ನಾಲ್ವರೂ ಸತ್ತರು.
ಮುದಕಪ್ಪ ತನ್ನ ಬಿಲ್ಲುಗಾರನ ಹಾಳಿ ಹರದು
ಚುರಮರಿ ಕಟಗೊಂಡ.
ಎರಡನೇ ಸಲ ಮೂವತ್ತಕ್ಕ ಇಳಿಸಿದೆ.
ದಾವಲಬಿ ಒಂದಽ ಏಟು.
'ಇಷ್ಟಕ್ಕಽ ಅಷ್ಟು ವರ್ಣನಾ ಮಾಡಿದ್ಯಾ?'

ಗಿರಣಿಯಾಕಿ ನಾನು, ತಿಳೀಬೇಕಿತ್ತು.
ನಮ್ಮೂರ ಕಾಯಿಗೆ ಬಣ್ಣ ಭಾಳ, ಖಾರ ಕಮ್ಮಿ.
ಗುಂಟೂರು ಬೆರಸಿದರ ನಾಲಿಗಿ ಉರೀತೈತಿ, ಕೆಂಪು ಮಂಕಾಗತೈತಿ.
ಗಿರಾಕಿ ಅಂಗೈಮ್ಯಾಲ ಹಾಕ್ಕೊಂಡು ನೆಕ್ಕೂತನಕ
ತಕ್ಕಡಿಗೇನು ಗೊತ್ತು?

ಮೂರನೇ ಸಲ ಅರವತ್ತು.
ರಾತ್ರಿ ಒಬ್ಬಾಕಿನಽ ನಾಲ್ವರ ಪಾಲಿನ ದಾಳ ಒಗದು
ಎಂಟು ಸುತ್ತಿನ ಲೆಕ್ಕ ಬರದು, ಸರಿ ಐತಿ ಅಂತ ಮಲಗಿದ್ದೆ.
ಆಟದಾಗ ದಾದಾಪೀರನ ಕೈಗೆ ಬಿದ್ದದ್ದು
ಒಂದು, ಮೂರು, ಮತ್ತ ಒಂದು.
ಹನ್ನೆರಡು ವರ್ಷದ ಹುಡುಗ, ತುಟಿ ಕಚಗೊಂಡು ಕೂತಿದ್ದ.
ರಟ್ಟಿನ ಹಿಂದ ಉಳಿದದ್ದು ೪೦.
ಸೊನ್ನಿ ಒರಸಿದೆ, ಅಷ್ಟಽ.
ಮುಂದಿನ ಸಣ್ಣ ಏಟಿಗೆ ಚೀಲಬಾಕ ಉರುಳಿತು.

'ಅಕ್ಕಾ, ಈಗ ಸಾಯೂದಲ್ಲ ಅದು.
ನೀ ಸಾಯಿಸಿದಿ.'
ಯಾರೂ ಸೀನಲಿಲ್ಲ.

ಇವತ್ತು ರಟ್ಟಿಲ್ಲ. ಎಲ್ಲರ ನಡುವ ದಾಳ ಉರುಳತೈತಿ.
ಅದಽ ಅರವತ್ತು, ಅದಽ ಹಲ್ಲು.
ಐದನೇ ಸುತ್ತಿಗೆ ಪದ್ಮರಾಜ ಬಿದ್ದ, ಆರಕ್ಕ ದಾವಲಬಿ.
ಚೀಲಬಾಕಂದು ಇನ್ನೂ ಏಳು.
'ನಾ ಹೊಡಿಯಂಗಿಲ್ಲ,' ಅಂದ ದಾದಾಪೀರ,
'ಒಂದು ಹೆಗಲಿಗೆ ಅವನು, ಒಂದು ಹೆಗಲಿಗೆ ಈಕಿ.
ಬಾಗಲಾ ಎಲ್ಲೈತಿ?'
ಹಮಾಲರ ಮಗ. ಭಾರ ಹೆಂಗ ಎತ್ತಬೇಕಂತ ಗೊತ್ತು.

ಕೂಡಿದ್ದೆ, ಕಳದಿದ್ದೆ, ಚರ್ಮದ ದಪ್ಪ ಸೈತ ಅಳದಿದ್ದೆ;
ಬಾಗಲಾ ಬರದಿದ್ದಿಲ್ಲ.
ಪೆನ್ಸಿಲ್ ತಗೊಂಡು ಬಡಗಣ ಗ್ವಾಡಿಗೆ
ಎಲ್ಲರ ಎದುರಿಗೇ ಒಂದು ಕೊರದೆ,
ಇಬ್ಬರು ಹಾಯೂವಷ್ಟು ಅಲ್ಲ, ಒಬ್ಬ ಬಗ್ಗಿ ಹೋಗೂವಷ್ಟು.
'ದಾಳ ಒಗಿ,' ಅಂದೆ.
ಹದಿನಾಲ್ಕು.

ಎಲ್ಲರೂ ಮನೀಗೆ ಹ್ವಾದರು, ಒದರಾಡಕೋತ.
ನೋಟಬುಕ್ಕಿನ್ಯಾಗ ಏಳು ಜೀವ ಹಿಡಕೊಂಡು
ಬಾಗಲದ ಕಡೆ ಮಾರಿ ಮಾಡಿ ಕೂತೈತಿ ಅದು.
ನಾಳೆ ಟೆಂಡರ್. ಮಷಿನ್ ಒರಸಬೇಕು.