ಮೂವತ್ತೆಂಟನೇ ಪುಟದ ಮುಂದ

ಜಗದೇವಿಗೆ ಎಸ್.ಟಿ. ಕಂಡಕ್ಟರ್ ನೌಕರಿ ಬಂದು
ಇದು ಮೂರನೇ ತಿಂಗಳು.
ವಾರದಾಗ ಮೂರು ರಾತ್ರಿ ಸೊಲ್ಲಾಪುರ–ಪುಣೆ ಗಾಡಿ,
ಆ ಮೂರು ರಾತ್ರಿ ಒಲಿ ನನ್ನ ಪಾಲಿಗೆ.
ಚಾದರ ಮಗ್ಗದಾಗ ಇಪ್ಪತ್ತು ವರ್ಷ ದುಡದ ಕೈ,
ಹರಿದ ನೂಲಿಗೆ ಕಣ್ಣು ಮುಚ್ಚಿ ಗಂಟು ಹಾಕ್ತದ.
ಬ್ಯಾಳಿಗೆ ಎಷ್ಟು ನೀರು, ಅದಕ್ಕ ಗೊತ್ತಿಲ್ಲ.

ಐತವಾರ ನವಿ ಪೇಟಿಗೆ ಹೋದೆ,
ಇಲಾಹಿ ಚಾಚಾನ ಹಳೇ ಪುಸ್ತಕದ ಗಾಡಿಗೆ.
ಮರಾಠಿ ಅಡಗಿ ಪುಸ್ತಕ ಎದಿಮಟ ಇದ್ದವು.
ಮರಾಠಿ ನನಗ ಬಾಯಾಗ ಬರ್ತದ,
ಸೇಠಗ ರಜಾ ಕೇಳ್ಲಿಕ್ಕ, ಜಗಳಾಡ್ಲಿಕ್ಕ ಸಾಕಾಗುವಷ್ಟು.
ಖರೆ, ಬಿಸಿ ಎಣ್ಣಿ ಮುಂದ ನಿಂತು
ಒಂದೊಂದೇ ಅಕ್ಷರ ಕೂಡಿಸೂದ್ರಾಗ
ಸಾಸಿವಿ ಸುಟ್ಟು ಹೋಗ್ತಾವ.
"ಕನ್ನಡದಾಗ?" ಅಂದೆ.
ಚಾಚಾ ತಳದಾಗ ಕೈ ಹಾಕಿ ಮೂರು ತೆಗದ,
ಧೂಳು ಝಾಡಿಸಿದ.

ಮೊದಲನೇದು ದಪ್ಪ. ಹೊದಿಕಿ ಮ್ಯಾಲ ಬೆಳ್ಳಿ ತಾಟು.
ಪನೀರು ಹನ್ನೊಂದು ಥರಾ.
"ಅತಿಥಿಗಳು ಮೆಚ್ಚುವಂತೆ" ಅಂತ ಪುಟಪುಟಕ್ಕೂ.
ನಮ್ಮ ಮನಿಗೆ ಅತಿಥಿ ಅಂದ್ರ ಮೀಟರ್ ನೋಡಾಂವ,
ಅಂವ ನೀರು ಸುದ್ದಾ ಬ್ಯಾಡ ಅಂತಾನ.

ಎರಡನೇದು ಶಿಸ್ತಿಂದು, ಎಲ್ಲಾ ಗ್ರಾಮಿನಾಗ.
"ನಾಲ್ಕು ಜನಕ್ಕೆ" ಅಂತದ.
ಆಕಿ ಇಲ್ಲದ ರಾತ್ರಿ ನಾವೂ ನಾಲ್ಕು ಮಂದೀನ. ಖರೆ,
ಮಾವಗ ಹಲ್ಲಿಲ್ಲ, ಅಂವ ಅರ್ಧಾ.
ಸ್ನೇಹಲ್ ಕಬಡ್ಡಿ ಆಡಿ ಬಂದ್ರ ಎರಡು.
ಓಂಕಾರ ಸಕ್ರಿ-ರೊಟ್ಟೀನ ಬೇಕು ಅಂತ ಹಟಾ ಹಿಡದ್ರ ಸೊನ್ನಿ.
ಕಡೀಕ ಮತ್ತ "ರುಚಿಗೆ ತಕ್ಕಷ್ಟು ಉಪ್ಪು".
ಯಾರ ರುಚಿಗೆ? ಅದನ್ನ ಬರದಿಲ್ಲ.
ಮಾವಗ ಬಿ.ಪಿ. ಅದ.

ಮೂರನೇದಕ್ಕ ಹೊದಿಕೀನ ಇಲ್ಲ.
ಅರವತ್ತನೇ ಪುಟಕ್ಕ ಮುಗದು ಹೋಗ್ಯದ.
ಪರಿವಿಡಿ ನೋಡಿದ್ರ, ಹೋದದ್ದು
ಹೋಳಿಗಿ, ಚಿರೋಟಿ, ಬಾಸುಂದಿ, ಮೈಸೂರ ಪಾಕ.
"ಸಿಹಿ ಯಾರೋ ಒಯ್ದಾರ," ಚಾಚಾ ನಕ್ಕ,
"ಲಗ್ನ ಇತ್ತೇನೋ. ಇಪ್ಪತ್ತು ಕೊಡು ಸಾಕು."
ಉಳದದ್ದು: ಬ್ಯಾಳಿ. ಪುಂಡಿ ಪಲ್ಯ. ಹೆಸರಕಾಳ ಉಸುಳಿ.
ನಿನ್ನಿ ರೊಟ್ಟಿ ಉಳದ್ರ ಏನು ಮಾಡಬೇಕು ಅನ್ನೂದು.
ಮೆಂತೆ ಪಲ್ಯದ ಬಾಜೂಕ ಪೆನ್ಸಿಲ್‌ನಾಗ ಯಾರೋ:
"ಇವರು ತಿನ್ನಲಿಲ್ಲ. ನಾನು ತಿಂದೆ."
ನಿಂತಲ್ಲೇ ಇಪ್ಪತ್ತು ಕೊಟ್ಟೆ.

ಮಂಗಳವಾರ ರಾತ್ರಿ ಝುಣಕ.
ನಾ ಓದಾಂವ, ಸ್ನೇಹಲ್ ಉಳ್ಳಾಗಡ್ಡಿ ಹೆಚ್ಚಾಕಿ.
ಆಕಿ ಶಾಳಿ ಮರಾಠಿ, ಕನ್ನಡ ಓದ್ಲಿಕ್ಕ ಬರೂದಿಲ್ಲ.
ಒಗ್ಗರಣಿ ಅಂದ್ರ "ಫೋಡಣಿ ನಾ, ಪಪ್ಪಾ?"
"ನೀರು ಹಾಕಿ. ಮರಳಿ ಕುದಿ ಬಂದ ಕೂಡಲೇ"
ಮೂವತ್ತೆಂಟನೇ ಪುಟ ಅಲ್ಲಿಗೆ ಮುಗೀತು.
ಹೊಳ್ಳಿಸಿದೆ. ನಲವತ್ತೊಂದು.
ಅಲ್ಲಿ ಆಗಲೇ ಬದನಿಕಾಯಿ ಸೀಳ್ಲಿಕ್ಕ ಹತ್ಯಾರ.
ಚಾಚಾ ಇದನ್ನ ಹೇಳಿರಲಿಲ್ಲ.

ಕಢಾಯಿಯೊಳಗ ನೀರು ಕುದೀಲಿಕ್ಕ ಹತ್ತಿತ್ತು,
ಕೈಯಾಗ ಕಡ್ಲಿ ಹಿಟ್ಟಿನ ವಾಟಿಗ.
ಮಾವ ಹಾಸಗಿ ಮ್ಯಾಲಿಂದ: "ಒಮ್ಮಿಗೇ ಸುರಿ."
ಓಂಕಾರ: "ವಡಾ ಪಾವ್ ತರೋಣು."
ಅಷ್ಟರಾಗ ಫೋನು. ಇಂದಾಪುರ ಸ್ಟ್ಯಾಂಡು, ಹತ್ತು ಮಿನಿಟು ಹಾಲ್ಟು,
ಹಿಂದ ಯಾರದೋ ಚಿಲ್ಲರಿ ಜಗಳ.
"ಉಂಡ್ರಿ?" ಅಂದ್ಳು.
"ಪುಟ ಇಲ್ಲ," ಅಂದೆ.
ತಿಳೀತೋ ಇಲ್ಲೋ, ಕುದಿಯೋ ಸಪ್ಪಳ ಕೇಳಿರಬೇಕು:
"ಉರಿ ಸಣ್ಣ ಮಾಡ್ರಿ. ಒಂದು ಕೈಲೆ ಹಿಟ್ಟು ಉದುರಿಸ್ರಿ,
ಇನ್ನೊಂದು ಕೈಲೆ ತಿರುವ್ರಿ. ಕೈ ಬಿಡಬ್ಯಾಡ್ರಿ."
ಫೋನ್ ಹಿಡೀಲಿಕ್ಕ ಮೂರನೇ ಕೈ ಸ್ನೇಹಲ್‌ಂದು.
ಆ ಕಡಿ ಘಂಟಿ ಹೊಡೀತು, ಗಾಡಿ ಹೊಂಟಿತು.

ಗಂಟಾದವು.
ಇಪ್ಪತ್ತು ವರ್ಷದ ರೂಢಿ, ಕೈ ಇಲ್ಲೂ ಹಾಕೇಬಿಟ್ಟಿತ್ತು.
ಮಾವ ಒಂದೊಂದೇ ಗಂಟು ಹೆಬ್ಬಟ್ಟಿಲೆ ಒತ್ತಿ,
ಮೆತ್ತನ್ನ ರೊಟ್ಟಿಗೆ ಹಚ್ಚಿ, ಭಾಳ ಹೊತ್ತು ನುರಿಸಿ,
"ಉಪ್ಪು ಕಡಿಮಿ" ಅಂದ.
ಹೌದು, ಅಂದೆ.
ಸ್ನೇಹಲ್ ಪುಸ್ತಕ ಎಳಕೊಂಡು
ಮೂವತ್ತೆಂಟನೇ ಪುಟದ ತಳಕ್ಕ ಬರೀಲಿಕ್ಕ ಹತ್ತಿದ್ಳು,
ಮಾತು ನಮ್ಮದು, ಅಕ್ಷರ ಆಕಿ ಶಾಳೀದು:
ಕೈ ಬಿಡಬ್ಯಾಡ್ರಿ.
ಓಂಕಾರ ಸಕ್ರಿ ಡಬ್ಬಿ ಕಡಿ ನೋಡಿದ.