ಹೊಳೆಬಾಗಿಲಲ್ಲಿ ಕಿಡಿ ಹುಡುಕಿದ್ದು

ಹದಿನೇಳು ಸಲ ಹಗ್ಗ ಎಳೆದೆ. ಕೆಮ್ಮು ಸಹ ಇಲ್ಲ.
"ಪೆಟ್ರೋಲ್ ಬರ್ತಿದೆ, ಕರೆಂಟ್ ಇಲ್ಲ," ಅಂದ ಕೈತಾನ,
ಪ್ಲಗ್ಗಿನ ಮೂತಿ ಮೂಸಿ.

ಬಿಸಿಲಲ್ಲಿ ಕಿಡಿ ಕಾಣದು.
ಕಂಬಳಿ ಹೊದ್ದು ಬಗ್ಗಿದೆವು ಇಬ್ಬರೂ,
ನೆಗಡಿಗೆ ಹಬೆ ತಗೊಳ್ಳುವವರ ಹಾಗೆ.
ಬೆವರು, ಬೀಡಿ ವಾಸನೆ. ಕಿಡಿಯಿಲ್ಲ.

ಹತ್ತರ ನೋಟು ಮಡಚಿ ಪಾಯಿಂಟು ಒರೆಸಿದ.
ಕಾಯಿಲು ಬದಲಿಸಿದ.
ಊರೂರಿಗೆ ದೀಪ ಹಚ್ಚುವ ಶರಾವತಿಯ ನೀರು
ದೋಣಿಯ ಹೊಟ್ಟೆ ತಟ್ಟುತ್ತಿತ್ತು
ಸುಮ್ಮನೆ.

ಕೊನೆಗೆ ಮುಚ್ಚಳದಡಿ ಒಂದು ಕಪ್ಪು ತಂತಿ,
ಸಿಪ್ಪೆ ಸುಲಿದು, ಇಂಜಿನ್ನಿನ ಮೈಗೆ ತಾಗಿಕೊಂಡು.
"ಆಫ್ ಸ್ವಿಚ್ಚಿಂದು. ಬೆಳಿಗ್ಗೆಯಿಂದ ನಿಲ್ಲು ನಿಲ್ಲು ಅಂತಿದೆ,
ಮುದುಕ ಪಾಪ, ಹೇಳಿದ ಮಾತು ಕೇಳಿದಾನೆ."

ಸೈಕಲ್ ಟ್ಯೂಬಿನ ಚೂರು ಸುತ್ತಿ, ಎಳಿ, ಅಂದ.
ಎಳೆದೆ.
ಕಂಬಳಿಯೊಳಗಿಂದ ಕೊಂಕಣಿಯಲ್ಲಿ ಬೈಗುಳ ಬಂತು.
ಶಾಕ್ ಹೊಡೆದಿತ್ತು.